ಸ್ವಲ್ಪ ದಡ್ಡತನ: ಒಂದು ಸಣ್ಣ ಮಾತಿನ ಚರಿತ್ರೆ



ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ನಡೆದ ಸಂಗತಿ. ಪಾದದ ಮೂಳೆ ಮುರಿದಿದ್ದರೂ ಮೂರು ದಿನ ಅದರ ಮೇಲೆಯೇ ನಡೆದಾಡಿದ್ದ ಒಬ್ಬರು ಕುಂಟುತ್ತ ಬಂದು ನನ್ನೆದುರು ಕುಳಿತರು. ಇಷ್ಟು ತಡವೇಕೆ ಎಂದು ಕೇಳಿದರೆ ಅವರು ನಕ್ಕು, ‘ಐ ಹ್ಯಾವ್ ಬೀನ್ ಎ ಬಿಟ್ ಆಫ್ ಆನ್ ಎಗ್’ ಎಂದರು. ಮೊಟ್ಟೆಯ ಮಾತು ಇಲ್ಲಿ ಏಕೆ ಬಂತೆಂದು ನನಗೆ ತಿಳಿಯಲಿಲ್ಲ. ಆಹಾರಕ್ಕೆ ಸಂಬಂಧಪಟ್ಟದ್ದಿರಬೇಕೆಂದು ಭಾವಿಸಿ, ಮೊಟ್ಟೆಯಿಂದ ಏನಾದರೂ ಅಲರ್ಜಿ ಉಂಟೇ ಎಂದು ಗಂಭೀರವಾಗಿಯೇ ವಿಚಾರಿಸಿದೆ. ಜೊತೆಗಿದ್ದ ನರ್ಸ್ ನಗು ತಡೆಯಲಾರದೆ ಹೊರಗೆ ಹೋದರು. ಆ ದಿನ ಆ ಕೋಣೆಯಲ್ಲಿ ಇಬ್ಬರು ‘ಎಗ್’ಗಳಿದ್ದೆವೆಂಬುದು ನನಗೆ ಆಮೇಲೆ ಅರ್ಥವಾಯಿತು.

ನ್ಯೂಜಿಲೆಂಡಿನ ಆಡುಮಾತಿನಲ್ಲಿ ‘ಎಗ್’ ಎಂದರೆ ಪೆದ್ದುಕೆಲಸ ಮಾಡಿದವನು. ಆಲ್ಬನಿಯ ನಮ್ಮ ಮಕ್ಕಳು ಈ ಪದವನ್ನು ಶಾಲೆಯಿಂದ ಮನೆಗೆ ತರುತ್ತಾರೆ. ಊರಿನಿಂದ ಬಂದ ಅಜ್ಜಿಯರು ‘ಮೊಟ್ಟೆ ಅನ್ನೋದೂ ಒಂದು ಬೈಗುಳವೇನೋ?’ ಎಂದು ಬೆರಗಾಗುತ್ತಾರೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ಕೊಲೆಗಾರನೊಬ್ಬನು ಮ್ಯಾಕ್‌ಡಫನ ಪುಟ್ಟ ಮಗನನ್ನು ಇರಿಯುವ ಮುನ್ನ ಇದೇ ಪದದಿಂದ ಕರೆಯುತ್ತಾನೆ. ಅಲ್ಲಿ ಅದು ತಿರಸ್ಕಾರ. ನನ್ನ ರೋಗಿಯ ಬಾಯಲ್ಲಿ ಅದು ನಗೆಯ ಮಾತಾಗಿತ್ತು. ಹಾಗಾಗುವಂತೆ ಮಾಡಿದ್ದು ಅದರ ಹಿಂದೆ ಇದ್ದ ‘ಎ ಬಿಟ್ ಆಫ್’ ಎಂಬ ಪುಟ್ಟ ಮಾತು. ನಾವು ‘ಸ್ವಲ್ಪ’, ‘ತುಸು’, ‘ಒಂಥರಾ’ ಎನ್ನುವುದೂ ಇದೇ ಕೆಲಸಕ್ಕೆ.

ಈ ‘ಸ್ವಲ್ಪ’ಕ್ಕೆ ಒಂದು ಚರಿತ್ರೆಯಿದೆ. ಅದನ್ನು ತೆಗೆದುಹಾಕಿದಾಗ ಏನಾಯಿತೆಂಬುದಕ್ಕೂ ಒಂದು ಚರಿತ್ರೆಯಿದೆ. ಎರಡನೆಯದು ನನ್ನ ವೃತ್ತಿಯ ಚರಿತ್ರೆಯೇ ಆದುದರಿಂದ ಅದನ್ನು ಇಲ್ಲಿ ಬರೆಯಬೇಕೆನಿಸಿತು.

ಬೇಲಿಯ ಮಾತುಗಳು

ಇಂಗ್ಲಿಷಿನ ‘ಬಿಟ್’ ಮೂಲತಃ ಹಲ್ಲಿನಿಂದ ಕಚ್ಚಿದ ತುಣುಕು. ‘ಕಚ್ಚು’ ಎಂಬರ್ಥದ ‘ಬೈಟ್’ ಅದರ ಒಡಹುಟ್ಟು. ಅಂದರೆ ‘ಎ ಬಿಟ್ ಆಫ್ ಎ ಫೂಲ್’ ಎನ್ನುವವನು ಮೂರ್ಖತನವನ್ನು ಒಂದು ತುತ್ತಿನಷ್ಟಕ್ಕೆ ಮಾತ್ರ ಒಪ್ಪಿಕೊಳ್ಳುತ್ತಾನೆ. ಅಮೆರಿಕದ ಭಾಷಾಶಾಸ್ತ್ರಜ್ಞ ಜಾರ್ಜ್ ಲೇಕಾಫ್ 1972ರಲ್ಲಿ ಇಂತಹ ಮಾತುಗಳ ಬಗೆಗೆ ಒಂದು ಪ್ರಬಂಧವನ್ನು ಬರೆದು, ಅವುಗಳಿಗೆ ‘ಹೆಜ್’, ಅಂದರೆ ಗಿಡಬೇಲಿ, ಎಂಬ ಹೆಸರನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದರು. ಒಂದು ವಸ್ತು ಒಂದು ವರ್ಗಕ್ಕೆ ಸೇರಿದೆ ಅಥವಾ ಸೇರಿಲ್ಲ ಎಂದು ಖಂಡತುಂಡವಾಗಿ ಹೇಳದೆ, ಎಷ್ಟರ ಮಟ್ಟಿಗೆ ಸೇರಿದೆ ಎಂದು ಹೇಳುವುದೇ ಈ ಬೇಲಿಗಳ ಕೆಲಸ.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಜನರು ಈ ಬೇಲಿಗೆ ಬಗೆಬಗೆಯ ಬಳ್ಳಿಗಳನ್ನು ಹಬ್ಬಿಸಿದ್ದಾರೆ. ‘ಡ್ರಾಂಗೊ’ ಎಂಬುದು ಒಂದು ಹಕ್ಕಿಯ ಹೆಸರು. ಆ ಹೆಸರಿನ ಆಸ್ಟ್ರೇಲಿಯಾದ ಪಂದ್ಯದ ಕುದುರೆಯೊಂದು 1920ರ ದಶಕದಲ್ಲಿ 37 ಬಾರಿ ಓಡಿ ಒಮ್ಮೆಯೂ ಗೆಲ್ಲಲಿಲ್ಲವಂತೆ. ಆ ಕುದುರೆಯಿಂದಲೇ ಪದಕ್ಕೆ ಪೆದ್ದನೆಂಬ ಅರ್ಥ ಬಂತೆಂದು ಹೇಳುತ್ತಾರೆ. ಪಿಕ್ನಿಕ್ ಬುತ್ತಿಯಲ್ಲಿ ಒಂದೆರಡು ಸ್ಯಾಂಡ್‌ವಿಚ್ ಕಡಿಮೆ ಎನ್ನುವುದು ಇನ್ನೊಂದು ಬಗೆ. ‘ನಾಟ್ ದ ಫುಲ್ ಕ್ವಿಡ್’, ಎಂದರೆ ಪೂರ್ತಿ ಒಂದು ಪೌಂಡ್ ಅಲ್ಲ, ಎನ್ನುವುದು ಮತ್ತೊಂದು. ಈ ಕೊನೆಯದು ನಮಗೆ ಹತ್ತಿರದ ಮಾತು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಿಂದ ನಾವು ಪೂರ್ಣವಾದುದನ್ನು ‘ಹದಿನಾರಾಣೆ’ ಎಂದೇ ಅಳೆಯುತ್ತ ಬಂದಿದ್ದೇವೆ. ಭಾರತದಲ್ಲಿ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಂದು ಆಣೆಯ ಲೆಕ್ಕ ಮುಗಿಯಿತು. ನ್ಯೂಜಿಲೆಂಡಿನಲ್ಲಿ 1967ರ ಜುಲೈ 10ರಂದು ಡಾಲರ್ ಬಂದು ಪೌಂಡ್ ಹೊರಟುಹೋಯಿತು. ನಾಣ್ಯಗಳು ಹೋದರೂ ಮನುಷ್ಯರನ್ನು ಅವುಗಳಿಂದ ತೂಗುವ ಮಾತುಗಳು ಎರಡೂ ಕಡೆ ಉಳಿದವು.

ಕನ್ನಡದ ಬೇಲಿಗಳು ಬೇರೆ ತರಹದವು. ‘ಸ್ವಲ್ಪ ಮಂಕು’, ‘ತಲೆ ತುಸು ಲೂಸು’ ಎಂದು ಅಳತೆ ತಗ್ಗಿಸುವುದು ಒಂದು ದಾರಿ. ಲಿಂಗವನ್ನೇ ಬದಲಿಸುವುದು ಇನ್ನೊಂದು. ‘ಪೆದ್ದ’ ಎಂದರೆ ನಿಂದೆ. ‘ಪೆದ್ದು’ ಎಂದು ನಪುಂಸಕಕ್ಕೆ ತಿರುಗಿಸಿದರೆ ಮುದ್ದು. ಬೆಪ್ಪನಿಗೆ ತಕ್ಕಡಿ ಸೇರಿಸಿ ‘ಬೆಪ್ಪುತಕ್ಕಡಿ’ ಎಂದಾಗ ಬೈಯುವವರಿಗೂ ನಗು ಬರುತ್ತದೆ. ದಡ್ಡನಿಗೆ ‘ಶಿಖಾಮಣಿ’ ಎಂಬ ಕಿರೀಟವಿಟ್ಟು ಏಟನ್ನು ನಗೆಯಲ್ಲಿ ಕರಗಿಸುವುದೂ ಉಂಟು. ಎಲ್ಲಕ್ಕಿಂತ ದೊಡ್ಡ ಬೇಲಿ ‘ಪಾಪ’. ‘ಪಾಪ, ಅದಕ್ಕೆ ಅಷ್ಟೆಲ್ಲ ತಿಳಿಯೋದಿಲ್ಲ’ ಎಂಬ ವಾಕ್ಯದಲ್ಲಿ ಅಳತೆಯೂ ಇದೆ, ನಪುಂಸಕವೂ ಇದೆ, ಕನಿಕರವೂ ಇದೆ. ನರಕಕ್ಕೆ ಕಾರಣವಾದ ಕರ್ಮದ ಹೆಸರು ಕನ್ನಡದ ಮನೆಗಳಲ್ಲಿ ಮರುಕದ ಉದ್ಗಾರವಾದದ್ದು ಎಂತಹ ಸೋಜಿಗ!

ಮೇಲೇರಿದ ಪದ, ಕೆಳಗಿಳಿದ ಪದ

ದಡ್ಡತನದ ಪದಗಳು ಒಂದೇ ಕಡೆ ನಿಲ್ಲುವುದಿಲ್ಲ. ‘ಸಿಲ್ಲಿ’ ಎಂಬ ಪದ ಹಳೆಯ ಇಂಗ್ಲಿಷಿನಲ್ಲಿ ‘ಸುಖಿ, ಧನ್ಯ’ ಎಂಬರ್ಥದಲ್ಲಿತ್ತು. ಅದರ ಜರ್ಮನ್ ಸೋದರ ‘ಜೇಲಿಗ್’ ಇಂದಿಗೂ ‘ಧನ್ಯ’ ಎಂದೇ ಉಳಿದಿದೆ. ಇಂಗ್ಲಿಷಿನಲ್ಲಿ ಧನ್ಯನು ನಿರಪರಾಧಿಯಾದನು, ನಿರಪರಾಧಿಯು ಅಸಹಾಯಕನಾದನು, ಅಸಹಾಯಕನು ಕೊನೆಗೆ ಪೆದ್ದನಾದನು. ‘ನೈಸ್’ ಹತ್ತಿದ್ದು ಇದಕ್ಕೆ ವಿರುದ್ಧವಾದ ಏಣಿ. ‘ಅರಿಯದವನು’ ಎಂಬರ್ಥದ ಲ್ಯಾಟಿನ್ ಪದದಿಂದ ಹೊರಟು, ಇಂಗ್ಲಿಷಿಗೆ ‘ಪೆದ್ದು’ ಎಂಬರ್ಥದಲ್ಲಿ ಬಂದು, ಶತಮಾನಗಳ ಬಳಿಕ ‘ಸೊಗಸು’ ಎಂಬ ಅರ್ಥಕ್ಕೆ ತಲುಪಿತು.

ಇಂತಹ ಜೋಡಿ ನಮ್ಮಲ್ಲೂ ಇದೆ. ‘ಮುಗ್ಧ’ ಮತ್ತು ‘ಮೂಢ’ ಎರಡೂ ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದ ರೂಪಗಳು. ಎರಡಕ್ಕೂ ಮೂಲಾರ್ಥ ‘ಭ್ರಮೆಗೊಂಡವನು, ದಿಕ್ಕುಗಾಣದವನು’ ಎಂದೇ. ಇಂದು ನಮ್ಮ ಮಗುವನ್ನು ಯಾರಾದರೂ ಮುಗ್ಧವೆಂದರೆ ಹಿಗ್ಗುತ್ತೇವೆ. ಮೂಢವೆಂದರೆ ಜಗಳಕ್ಕೆ ನಿಲ್ಲುತ್ತೇವೆ. ಅವಳಿಗಳಲ್ಲಿ ಒಬ್ಬನಿಗೆ ಸಿಂಹಾಸನ, ಇನ್ನೊಬ್ಬನಿಗೆ ಬೀದಿ. ಹೀಗೆ ಮಾಡಿದ್ದು ವ್ಯಾಕರಣವಲ್ಲ, ಆಡುವ ಜನ.

ಕನ್ನಡದ ದೊಡ್ಡ ಲೇಖಕರು ಈ ಪದಗಳ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಡಿ.ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ತಮ್ಮ ಕಗ್ಗವನ್ನು ‘ಮಂಕುತಿಮ್ಮ’ನ ಹೆಸರಿಗೆ ಬರೆದಿಟ್ಟರು. ಅಷ್ಟು ತಿಳಿವಳಿಕೆಯ ಕೃತಿಯ ಮೇಲೆ ಮಂಕನ ಅಂಕಿತವಿದೆ. ನನ್ನ ರೋಗಿ ‘ಎಗ್’ ಎಂದು ತನ್ನನ್ನೇ ಕರೆದುಕೊಂಡದ್ದಕ್ಕೂ ಇದಕ್ಕೂ ಒಂದು ದೂರದ ನಂಟಿದೆಯೆಂದು ನನಗನಿಸುತ್ತದೆ. ದಡ್ಡತನದ ಪದವನ್ನು ಮೊದಲು ತನಗೇ ತೊಡಿಸಿಕೊಂಡವನ ಮಾತು ಇನ್ನೊಬ್ಬರನ್ನು ನೋಯಿಸುವುದಿಲ್ಲ.

ವೈದ್ಯರು ಬೇಲಿ ಕಿತ್ತ ಕಾಲ

ಇನ್ನು ಎರಡನೆಯ ಚರಿತ್ರೆ. ಇಂದು ಇಂಗ್ಲಿಷಿನಲ್ಲಿ ಬೈಗುಳವಾಗಿರುವ ಹಲವು ಪದಗಳು ಒಂದು ಕಾಲಕ್ಕೆ ವೈದ್ಯರ ಟಿಪ್ಪಣಿಯಲ್ಲಿದ್ದವು. ‘ಈಡಿಯಟ್’ ಎಂಬುದು ಗ್ರೀಕಿನಲ್ಲಿ ಸಾರ್ವಜನಿಕ ಕಾರ್ಯಗಳಲ್ಲಿ ತೊಡಗದ ಖಾಸಗಿ ವ್ಯಕ್ತಿ ಎಂಬರ್ಥದಲ್ಲಿ ಹುಟ್ಟಿ, ಕೊನೆಗೆ ರೋಗನಿರ್ಣಯದ ಪದವಾಯಿತು. ‘ಕ್ರೆಟಿನ್’ ಆಲ್ಪ್ಸ್ ಬೆಟ್ಟಗಳ ಫ್ರೆಂಚ್ ಉಪಭಾಷೆಯ ಪದ. ಅದು ‘ಕ್ರೈಸ್ತ’ ಎಂಬುದರಿಂದ ಬಂದಿತೆಂಬುದು ಪ್ರಚಲಿತವಾದ ವಿವರಣೆ. ಆ ಕಣಿವೆಗಳಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡದೊಡನೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಿ ಹುಟ್ಟಿದವರನ್ನು, ಇವರೂ ನಮ್ಮಂತೆಯೇ ದೇವರ ಮಕ್ಕಳು ಎಂಬ ಕರುಣೆಯಿಂದ ಹಾಗೆ ಕರೆದರಂತೆ. ಕರುಣೆಯ ಪದ ವೈದ್ಯರ ಕೈಗೆ ಬಂದು ಕಾಯಿಲೆಯ ಹೆಸರಾಯಿತು, ಬೀದಿಗಿಳಿದು ಬೈಗುಳವಾಯಿತು.

ಇಲ್ಲಿ ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ನ್ಯೂಜಿಲೆಂಡಿನ ಮಣ್ಣಿನಲ್ಲಿಯೂ ಅಯೋಡಿನ್ ಕಡಿಮೆ. ಇಲ್ಲಿಯೂ ಗಳಗಂಡ ವ್ಯಾಪಕವಾಗಿತ್ತು. 1924ರಿಂದ ಇಲ್ಲಿ ಅಯೋಡಿನ್ ಬೆರೆಸಿದ ಉಪ್ಪು ದೊರೆಯತೊಡಗಿತು. 2009ರಿಂದ ಬ್ರೆಡ್ಡಿಗೂ ಅದೇ ಉಪ್ಪನ್ನು ಬಳಸಬೇಕೆಂಬ ನಿಯಮವಿದೆ. ಭಾರತದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಅಧ್ಯಯನ ಉಪ್ಪಿನ ಮಹತ್ತ್ವವನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಈ ದೇಶದಲ್ಲಿ ಮಗುವನ್ನು ಹೆತ್ತವರಿಗೆ, ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ರಕ್ತದ ಹನಿಗಳನ್ನು ತೆಗೆಯುವುದು ನೆನಪಿರಬಹುದು. ಅದರಲ್ಲಿ ನೋಡುವ ಸಂಗತಿಗಳಲ್ಲಿ ಥೈರಾಯ್ಡ್ ಕೊರತೆಯೂ ಒಂದು. ಬೇಗ ತಿಳಿದರೆ ದಿನಕ್ಕೊಂದು ಮಾತ್ರೆಯಿಂದ ಆ ಮಗು ಎಲ್ಲರಂತೆ ಬೆಳೆಯುತ್ತದೆ. ಯಾವುದನ್ನು ವಂಶದ ಕಳಂಕವೆಂದು ಜನ ಆಡಿಕೊಂಡಿದ್ದರೋ ಅದು ಒಂದು ಚಿಟಿಕೆ ಉಪ್ಪಿನ ಮಾತಾಗಿತ್ತು.

ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ವಾಂಸರು ಹೊರಟದ್ದು ಬೇರೆ ದಾರಿಯಲ್ಲಿ. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗಲೆಂದು ಒಂದು ಪರೀಕ್ಷೆಯನ್ನು ರೂಪಿಸಿದರು. ಅಮೆರಿಕದ ಹೆನ್ರಿ ಗೊಡಾರ್ಡ್ ಅದನ್ನು ಮನುಷ್ಯರನ್ನು ವಿಂಗಡಿಸುವ ಜರಡಿಯನ್ನಾಗಿ ಮಾಡಿದರು. ಎರಡು ವರ್ಷದ ಮಗುವಿನ ಮಟ್ಟವನ್ನು ದಾಟದವರು ‘ಈಡಿಯಟ್’, ಮೂರರಿಂದ ಏಳರವರೆಗೆ ‘ಇಂಬೆಸೈಲ್’. ಎಂಟರಿಂದ ಹನ್ನೆರಡರವರೆಗಿನವರಿಗೆ ಹೆಸರಿರಲಿಲ್ಲವಾದ್ದರಿಂದ 1910ರಲ್ಲಿ ಅವರು ಗ್ರೀಕಿನಿಂದ ‘ಮೋರಾನ್’ ಎಂಬ ಪದವನ್ನು ಹೊಸದಾಗಿ ಟಂಕಿಸಿದರು. ಇಂದು ರಸ್ತೆಯಲ್ಲಿ ಕಾರಿನ ಕಿಟಕಿಯಿಂದ ಕೇಳಿಬರುವ ಆ ಬೈಗುಳ ಒಬ್ಬ ವಿದ್ವಾಂಸರ ಮೇಜಿನ ಮೇಲೆ ಹುಟ್ಟಿದ್ದು! ಈ ಪಟ್ಟಿಯಲ್ಲಿ ‘ಸ್ವಲ್ಪ’ಕ್ಕೆ ಜಾಗವಿರಲಿಲ್ಲ. ಒಂದು ದಿನ ಬರೆದ ಪರೀಕ್ಷೆ ಒಬ್ಬ ವ್ಯಕ್ತಿಯ ಇಡೀ ಜೀವನದ ಹೆಸರಾಯಿತು. ಗೊಡಾರ್ಡ್ 1928ರ ವೇಳೆಗೆ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರೂ ಪದಗಳು ಆಗಲೇ ಕಾನೂನಿನೊಳಗೆ ಸೇರಿಹೋಗಿದ್ದವು.

ನ್ಯೂಜಿಲೆಂಡಿನ 1911ರ ‘ಮೆಂಟಲ್ ಡಿಫೆಕ್ಟಿವ್ಸ್ ಆಕ್ಟ್’ ತನ್ನ ವರ್ಗಗಳಲ್ಲಿ ‘ಈಡಿಯಟ್’, ‘ಇಂಬೆಸೈಲ್’, ‘ಫೀಬಲ್ ಮೈಂಡೆಡ್’ ಎಂದು ಬರೆಯಿತು. ಬ್ರಿಟಿಷ್ ಭಾರತದ 1912ರ ‘ಇಂಡಿಯನ್ ಲ್ಯುನಸಿ ಆಕ್ಟ್’ ಲ್ಯುನಾಟಿಕ್ ಎಂಬುದರ ವ್ಯಾಖ್ಯೆಯಲ್ಲಿಯೇ ಈಡಿಯಟ್ ಎಂಬ ಪದವನ್ನು ಸೇರಿಸಿತು. ಇಂಗ್ಲೆಂಡಿನ ಕಾನೂನು 1913ರಲ್ಲಿ ಬಂದಿತು. ಅಮೆರಿಕದಲ್ಲಿ 1927ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾರಿ ಬಕ್ ಎಂಬ ಯುವತಿಯ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡಿತು. ಆಕೆಯ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲವೆಂಬುದು ಮುಂದೆ ಸಂಶೋಧಕರಿಂದ ಹೊರಬಂದ ಸತ್ಯ. ಮರುವರ್ಷ, 1928ರಲ್ಲಿ, ಅಂತಹುದೇ ಒಂದು ಪ್ರಸ್ತಾಪ ವೆಲಿಂಗ್ಟನ್ನಿನ ಸಂಸತ್ತಿಗೂ ಬಂದಿತ್ತು. ತೀವ್ರ ವಿರೋಧದಿಂದಾಗಿ ಅದನ್ನು ಮಸೂದೆಯಿಂದ ಕೈಬಿಡಲಾಯಿತು.

ಕೈಬಿಡದೆ ಉಳಿದದ್ದು ದೊಡ್ಡ ಸಂಸ್ಥೆಗಳು. ಮಕ್ಕಳನ್ನು ಮನೆಯಿಂದ ದೂರ ಒಯ್ದು ದಶಕಗಳ ಕಾಲ ಅಲ್ಲಿ ಇರಿಸಲಾಯಿತು. ಈ ಪದ್ಧತಿಗೆ ಎದುರಾಗಿ 1949ರಲ್ಲಿ ವೆಲಿಂಗ್ಟನ್ನಿನ ತಂದೆತಾಯಿಗಳು ಕೂಡಿ ಕಟ್ಟಿದ ಸಂಘವೇ ಇಂದಿನ ‘ಐಎಚ್‌ಸಿ’. ಮಕ್ಕಳು ಮನೆಯಲ್ಲಿಯೇ, ಊರಿನಲ್ಲಿಯೇ ಬೆಳೆಯಬೇಕೆಂಬುದು ಅವರ ಬೇಡಿಕೆಯಾಗಿತ್ತು. ಲೆವಿನ್ ಪಟ್ಟಣದ ಬಳಿಯ ಕಿಂಬರ್ಲಿ ಕೇಂದ್ರ ಮುಚ್ಚಿದ್ದು 2006ರಲ್ಲಿ ಎಂದರೆ ಆ ಬೇಡಿಕೆ ಈಡೇರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಊಹಿಸಬಹುದು. 1950ರಿಂದ 2019ರವರೆಗೆ ಸರ್ಕಾರಿ ಹಾಗೂ ಧಾರ್ಮಿಕ ಆಶ್ರಯದಲ್ಲಿದ್ದ ಸುಮಾರು 6,55,000 ಜನರಲ್ಲಿ 2,00,000ದಷ್ಟು ಮಂದಿ ದೌರ್ಜನ್ಯಕ್ಕೆ ಒಳಗಾಗಿರಬಹುದೆಂದು ಇಲ್ಲಿನ ರಾಯಲ್ ಕಮಿಷನ್ ಅಂದಾಜು ಮಾಡಿತು. ಅದರ ಅಂತಿಮ ವರದಿ 2024ರ ಜುಲೈನಲ್ಲಿ ಹೊರಬಂದಿತು. ಅದೇ ವರ್ಷ ನವೆಂಬರ್ 12ರಂದು ಪ್ರಧಾನಿ ಕ್ರಿಸ್ಟೋಫರ್ ಲಕ್ಸನ್ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದವರೆಂಬ ಹಣೆಪಟ್ಟಿಯಿಂದ ಒಳಗೆ ಸೇರಿಸಲ್ಪಟ್ಟವರೂ ಆ ನೊಂದವರಲ್ಲಿ ಇದ್ದರು. ನಮ್ಮಲ್ಲಿ ಅನೇಕರು ಈ ದೇಶದ ಪ್ರಜೆಗಳಾಗಿದ್ದೇವೆ. ಈ ಚರಿತ್ರೆಯೂ ಈಗ ನಮ್ಮದು.

ಹೆಸರು ಬದಲಿಸಿದರೆ ಸಾಕೇ?

ಪದ ಕೆಟ್ಟರೆ ಹೊಸ ಪದ ತರುವುದು ಸುಲಭದ ಪರಿಹಾರವೆನಿಸುತ್ತದೆ. ಬೆಂಗಳೂರಿನ ಹಳೆಯ ‘ಲ್ಯುನಾಟಿಕ್ ಅಸೈಲಮ್’ಗೆ ಮೈಸೂರು ಸರ್ಕಾರವು 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂದು ಹೆಸರಿಟ್ಟಿತು. ಅದು ಆ ಕಾಲಕ್ಕೆ ಗೌರವದ ಹೆಸರು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇಷ್ಟರಲ್ಲಿ ‘ಮೆಂಟಲ್’ ಎಂಬುದೇ ಕನ್ನಡದ ಬೈಗುಳವಾಗಿಬಿಟ್ಟಿತು. ಇಂದು ಜಗತ್ತಿಗೇ ಮಾದರಿಯಾದ ಆ ಸಂಸ್ಥೆಯ ಹೆಸರನ್ನೂ ‘ನಿಮ್ಹಾನ್ಸ್ ಕೇಸು’ ಎಂದು ಹಾಸ್ಯಕ್ಕೆ ಎಳೆಯುವವರಿದ್ದಾರೆ. ಅಮೆರಿಕ 2010ರ ಕಾನೂನಿನಿಂದ ಒಂದು ಹಳೆಯ ಪದವನ್ನು ತೆಗೆದು ‘ಬೌದ್ಧಿಕ ಅಸಾಮರ್ಥ್ಯ’ ಎಂಬರ್ಥದ ಪದವನ್ನು ತಂದಿತು. ಕರ್ನಾಟಕದಲ್ಲಿ ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂದಿತು. ಮನಸ್ಸು ಬದಲಾಗದಿದ್ದರೆ ಪದಗಳು ಗಾಣದ ಎತ್ತಿನಂತೆ ಸುತ್ತಿ ಅಲ್ಲಿಗೇ ಬರುತ್ತವೆ. ಹೊಸ ಪದಗಳು ಬೇಡವೆಂದು ನಾನು ಹೇಳುತ್ತಿಲ್ಲ, ಅವು ಬೇಕು. ಜೊತೆಗೆ ನಡತೆಯೂ ಬದಲಾಗಬೇಕು.

ಈ ಮಾತು ಬರೆಯುವಾಗ ನನಗೆ ನೆನಪಾಗುವವರು ಬೆಂಗಳೂರಿನ ಡಾ. ಎಂ. ಶಿವರಾಂ, ಕನ್ನಡಿಗರ ಪ್ರೀತಿಯ ‘ರಾಶಿ’. ಅವರು ವೈದ್ಯರು, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು. ಮನಸ್ಸಿನ ಕಾಯಿಲೆಗಳ ಬಗೆಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮನುಷ್ಯರ ಪೆದ್ದುತನವನ್ನು ಕಂಡು ಜನರನ್ನು ನಗಿಸಿದ ಕೈಯೇ ನೊಂದ ಮನಸ್ಸಿನ ವಿಚಾರವನ್ನು ಶ್ರದ್ಧೆಯಿಂದ ಬರೆಯಿತು. ಯಾವುದು ನಗಬಹುದಾದ ಪೆದ್ದುತನ, ಯಾವುದು ನಗಬಾರದ ನೋವು ಎಂಬ ವಿವೇಕ ಇರುವಲ್ಲಿ ಎರಡೂ ಕೆಲಸಗಳು ಒಂದೇ ಮನಸ್ಸಿನಲ್ಲಿ ಇರಬಲ್ಲವು.

ಬೇಲಿಯ ಹಿಂದೆ ಅಡಗುವುದು

ವೈದ್ಯನಾಗಿ ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆ. ಬೇಲಿ ಕಾಯುತ್ತದೆ, ಮರೆಮಾಡುವುದನ್ನೂ ಮಾಡುತ್ತದೆ. ‘ಅಮ್ಮ ಈಚೆಗೆ ಸ್ವಲ್ಪ ಮಂಕಾಗಿದ್ದಾರೆ’, ‘ಮಾವನವರು ಒಂಥರಾ ಆಗಿದ್ದಾರೆ, ವಯಸ್ಸಾಯಿತಲ್ಲ’ ಎಂಬ ಮಾತುಗಳನ್ನು ನಮ್ಮ ಕುಟುಂಬಗಳಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಆ ‘ಸ್ವಲ್ಪ’ದ ಹಿಂದೆ ಥೈರಾಯ್ಡ್ ಕೊರತೆ ಇರಬಹುದು, ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಿ12 ವಿಟಮಿನ್ ಕೊರತೆ ಇರಬಹುದು, ಊರು ಬಿಟ್ಟು ಬಂದ ಒಂಟಿತನ ಖಿನ್ನತೆಯಾಗಿರಬಹುದು, ಕಿವಿ ಮಂದವಾಗಿರಬಹುದು, ಮರೆವಿನ ಕಾಯಿಲೆಯ ಮೊದಲ ಹೆಜ್ಜೆಯೂ ಇರಬಹುದು. ಮೊದಲ ನಾಲ್ಕಕ್ಕೆ ಒಳ್ಳೆಯ ಚಿಕಿತ್ಸೆ ಅಥವಾ ಪರಿಹಾರವಿದೆ. ಐದನೆಯದರಲ್ಲಿ ಬೇಗ ತಿಳಿದಷ್ಟೂ ಸಿದ್ಧತೆಗೆ ಅವಕಾಶ ಹೆಚ್ಚು. ಒಂದೆರಡು ದಿನಗಳಲ್ಲಿಯೇ ಹಿರಿಯರ ಬುದ್ಧಿ ಇದ್ದಕ್ಕಿದ್ದಂತೆ ತೊಡಕಾದರೆ ಅದು ತುರ್ತುಸ್ಥಿತಿ. ಅಂದೇ ವೈದ್ಯರನ್ನು ಕಾಣಬೇಕು. ಆದ್ದರಿಂದ ಹಿರಿಯರ ವಿಷಯದಲ್ಲಿ ‘ಸ್ವಲ್ಪ’ ಎಂದಾಗ, ಯಾವಾಗಿನಿಂದ, ಎಷ್ಟು, ಯಾವ ಕೆಲಸದಲ್ಲಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅದೇ ಉತ್ತರಗಳನ್ನು ನಿಮ್ಮ ವೈದ್ಯರಿಗೂ ಹೇಳಿ.

ಮಕ್ಕಳ ವಿಷಯದಲ್ಲಿ ನನ್ನ ಬಿನ್ನಹ ಇದಕ್ಕೆ ತಿರುಗುಮುರುಗು. ಅಲ್ಲಿ ‘ಸ್ವಲ್ಪ’ವನ್ನು ಧಾರಾಳವಾಗಿ ಬಳಸಿ. ‘ನೀನು ದಡ್ಡ’ ಎಂಬುದು ಗೊಡಾರ್ಡ್ ಮಾಡಿದ ಕೆಲಸ. ಅದು ವ್ಯಕ್ತಿಗೆ ಹಚ್ಚಿದ ಹಣೆಪಟ್ಟಿ. ‘ಅದು ಸ್ವಲ್ಪ ಪೆದ್ದು ಕೆಲಸ ಆಯಿತಲ್ಲ, ಮಗು’ ಎಂಬುದು ಕೆಲಸದ ಬಗೆಗಿನ ಮಾತು. ನಾಳೆ ಅದನ್ನು ತಿದ್ದಿಕೊಳ್ಳಬಹುದು. ನಮ್ಮೂರಿನ ಎಷ್ಟೋ ಶಾಲೆಗಳಲ್ಲಿ ಕೊನೆಯ ಬೆಂಚಿನ ಮಕ್ಕಳಿಗೆ ‘ದಡ್ಡರ ಸಾಲು’ ಎಂಬ ಹೆಸರಿತ್ತು. ಆ ಸಾಲಿನಲ್ಲಿ ಕುಳಿತ ನನ್ನ ಸಹಪಾಠಿಯೊಬ್ಬನಿಗೆ ಬೋರ್ಡಿನ ಅಕ್ಷರ ಕಾಣುತ್ತಿರಲಿಲ್ಲ ಎಂಬುದು ಅವನಿಗೆ ಕನ್ನಡಕ ಬಂದ ಮೇಲೆ, ಏಳನೆಯ ತರಗತಿಯಲ್ಲಿ, ಎಲ್ಲರಿಗೂ ತಿಳಿಯಿತು. ಅಷ್ಟು ಹೊತ್ತಿಗೆ ಅವನು ತಾನು ದಡ್ಡನೆಂದು ನಂಬಿಬಿಟ್ಟಿದ್ದ.

ಮುರಿದ ಪಾದದ ಆ ರೋಗಿಗೆ ಪ್ಲಾಸ್ಟರ್ ಹಾಕಿ ಕಳುಹಿಸುವಾಗ ನಾನು, ಮುಂದಿನ ಬಾರಿ ಬೇಗ ಬನ್ನಿ ಎಂದೆ. ಅವರು, ನೀವೂ ಮುಂದಿನ ಬಾರಿ ಮೊಟ್ಟೆಯ ಅಲರ್ಜಿ ಕೇಳಬೇಡಿ ಎಂದರು. ಇಬ್ಬರ ಪೆದ್ದುತನವೂ ಆ ನಗೆಯಲ್ಲಿ ಮುಗಿಯಿತು.

ನಿಮ್ಮ ಮನೆಗಳಲ್ಲಿ, ನಿಮ್ಮ ಸೀಮೆಗಳಲ್ಲಿ ಪೆದ್ದುತನವನ್ನು ಮೆತ್ತಗೆ ಹೇಳುವ ಮಾತುಗಳು ಯಾವುವು? ಹಿರಿಯರಿಂದ ಕೇಳಿ ಬರೆದು ಕಳುಹಿಸಿದರೆ ನಮ್ಮ ಮಕ್ಕಳಿಗಾಗಿ ಅವುಗಳನ್ನು ಒಂದೆಡೆ ಕೂಡಿಸಿಡೋಣ.